ಹಣ್ಣಾಗುವ ತನಕ ಕಾಯದ ಕಣ್ಣು

"ಭಾನುವಾರ ಹೇಳೇನಲ್ಲ ತಮ್ಮಾ, ಕಣ್ಣಿನ ಪೊರಿ ಐತಿ, ಮೋತಿಬಿಂದು, ಅದು ಹಣ್ಣಾಗಲಿ, ಆಮ್ಯಾಲ ಬಾ ಅಂತ."

ಕಂಪೌಂಡರ್ ಗುರುಲಿಂಗಪ್ಪ ಔಷಧದ ಬಾಟಲಿಯಿಂದ ತಲೆ ಎತ್ತಲೇ ಇಲ್ಲ. ಇಂಡಿ ಸೀಮೆಯ ಆ ಸಣ್ಣ ಸರಕಾರಿ ದವಾಖಾನೆಗೆ ಡಾಕ್ಟರ್ ಸಾಹೇಬರು ಬರುವುದೇ ಅಪರೂಪ. ಉಳಿದ ದಿನಗಳಲ್ಲಿ ಇವರೇ ಡಾಕ್ಟರು.

ಪಟ್ಟಿ ಸುತ್ತುತ್ತಿದ್ದ ನರ್ಸ್ ಸಾಬೀರಾ ತಿರುಗಿ ನೋಡಿದಳು.

ಬಾಗಿಲಲ್ಲಿ ಝಳಕಿಯ ದರ್ಜಿ ಶಹಾಬುದ್ದೀನ, ಹಿಂದೆ ಅವನ ತಾಯಿ ಸೈದಾಬಿ. ಅವನೊಂದಿಗೆ ಸಾಬೀರಾಳ ಮದುವೆ ನಿಶ್ಚಯವಾಗಿ ಎರಡು ತಿಂಗಳು. ಭಾನುವಾರ, ತನ್ನ ರಜೆಯ ದಿನ, ಬಸ್ ನಿಲ್ದಾಣದಲ್ಲಿ ಇವಳು ಅವನನ್ನು ನೋಡಿ ನಕ್ಕಿದ್ದಳು. ಕಂಬ ದಾಟಿದಂತೆ ದಾಟಿ ಹೋಗಿದ್ದ!

'ಮನಸ್ಸು ತಿರುಗಿದೆ, ಹೇಳಲು ಬಾಯಿ ಬಂದಿಲ್ಲ...' ಅಂದುಕೊಂಡು ನಾಲ್ಕು ದಿನ ಕುದಿದಿದ್ದಳು.

"ದಿನಾ ಜಾಸ್ತಿ ಆಗಾಕತ್ತೈತ್ರಿ," ಎಂದ ಶಹಾಬುದ್ದೀನ. "ಶನಿವಾರ ಕಣ್ಣಾಗ ಕಿಡಿ ಹಾರಿದಂಗ ಆತು. ಆಮ್ಯಾಲ ಎಡಗಣ್ಣಿನ ಅಂಚಿಗೆ ಕರೇ ಪರದಾ ಬಿತ್ತು. ಎಡಕ್ಕ ಯಾರ ನಿಂತ್ರೂ ಕಾಣವಲ್ರು. ಇವತ್ತ ಅದು ಮೂಗಿನ ಕಡೆ ಸರಿಯಾಕತ್ತೈತ್ರಿ."

ಎಡಕ್ಕೆ...

ಸಾಬೀರಾಳ ಕೈಯಿಂದ ಪಟ್ಟಿ ಜಾರಿತು. ಭಾನುವಾರ ಅವಳು ನಿಂತದ್ದು ಅವನ ಎಡಕ್ಕೇ.

ಸೊಲ್ಲಾಪುರದ ಕಣ್ಣಿನ ವಾರ್ಡಿನಲ್ಲಿ ಕೆಲಸ ಕಲಿತವಳು ಅವಳು. ಈ ಕಿಡಿ, ಈ ಪರದೆ ಅವಳಿಗೆ ಗೊತ್ತು.

"ಕಂಪೌಂಡರ್ರ, ಇವರ ವಯಸ್ಸ ಕೇಳಿರೇನ್ರಿ? ಇಪ್ಪತ್ತಾರಕ್ಕ ಎಲ್ಲಿಯ ಮೋತಿಬಿಂದು? ಕಣ್ಣಿನ ಒಳಗಿನ ಪರದಾ ಕಿತ್ತೈತಿ. ಹುಲ್ಲಾಗ ಇಟ್ಟ ಮಾವಿನಕಾಯೇನ್ರಿ ಇದು, ಹಣ್ಣಾಗಲಿ ಅನ್ನಾಕ? ಪೂರಾ ಕಿತ್ತರ ಕಣ್ಣು ಹೋತು. ಇವತ್ತ ಸೊಲ್ಲಾಪುರ ಮುಟ್ಟಬೇಕು."

"ಬಂಡಿ ಕಟ್ಟಿಸ್ರಿ ಸ್ಟೇಶನ್ನಿಗೆ," ಎಂದರು ಕಂಪೌಂಡರ್.

"ಬಂಡಿ ಕುಲುಕಿದ್ರ ಉಳಿದದ್ದೂ ಕಿತ್ತ ಬರತೈತಿ. ಜೀಪ ಬೇಕು."

"ಜೀಪಾ?" ಗುರುಲಿಂಗಪ್ಪ ನಕ್ಕರು. "ಅದು ಸಾಹೇಬರ ಬೀಗರನ್ನ ಬಾಗೇವಾಡಿಗೆ ಒಯ್ಯಾಕ ನಿಂತೈತಿ. ಸಾಹೇಬರ ಸಹಿ ಇದ್ದ ಚೀಟಿ ಇಲ್ದ ಗಾಲಿ ಉರುಳಂಗಿಲ್ಲ."

ಸಾಬೀರಾ ಚೀಟಿ ಪುಸ್ತಕ ಎಳೆದುಕೊಂಡಳು. ಬರೆದಳು. ಕೆಳಗೆ ತನ್ನದೇ ಸಹಿ ಹಾಕಿದಳು.

"ನೌಕರಿ ಹೋಗತೈತಿ ನರ್ಸಬಾಯಿ," ಎಂದರು ಗುರುಲಿಂಗಪ್ಪ.

"ಬೀಗರಿಗೆ ನಾಳೆ ಬಸ್ಸ ಐತ್ರಿ. ಇವರಿಗೆ ನಾಳೆ ಕಣ್ಣು ಇರಂಗಿಲ್ಲ."

ಡ್ರೈವರ್ ನಬಿಲಾಲ ಚೀಟಿ ತಿರುಗಿಸಿ ನೋಡಿದ. "ಸಹಿ ಅಂತೂ ಐತಿ. ಯಾರದು ಅಂತ ಓದಾಕ ನನಗೆಲ್ಲಿ ಬರತೈತಿ? ಹತ್ರಿ."

ಸೊಲ್ಲಾಪುರದಲ್ಲಿ ಮರುದಿನ ಬೆಳಿಗ್ಗೆಯೇ ಆಪರೇಶನ್ ಆಯಿತು. 'ನಾಲ್ಕು ದಿನ ಯಾಕೆ ಕಳೆದಿರಿ?' ಎಂದು ಡಾಕ್ಟರು ಬೈದರು. ತಪ್ಪು ಮಾಡಿದವರು ಅಲ್ಲಿರಲಿಲ್ಲ. ಬೈಸಿಕೊಂಡವರು ಸೈದಾಬಿ.

ಶಹಾಬುದ್ದೀನನ ಎರಡೂ ಕಣ್ಣಿಗೆ ಪಟ್ಟಿ, ತಲೆ ಅಲುಗದಂತೆ ಎರಡೂ ಬದಿಗೆ ಉಸುಕಿನ ಚೀಲ. ಸೈದಾಬಿ ನೀರಿಗೆ ಹೋದಾಗ ಅವನು ಮೆಲ್ಲಗೆ ಅಂದ:

"ಸಾಬೀರಾ, ಒಕ್ಕಣ್ಣಿನ ದರ್ಜಿನ್ನ ಕಟಗೊಂಡು ಏನ ಮಾಡ್ತಿ? ಬ್ಯಾಡ ಅಂತ ನಿಮ್ಮಪ್ಪಗ ನಾನ ಹೇಳ್ತೇನಿ."

ಸಾಬೀರಾ ಉಸುಕಿನ ಚೀಲವನ್ನು ಅವನ ತಲೆಗೆ ಇನ್ನಷ್ಟು ಒತ್ತಿಟ್ಟಳು.

"ಭಾನುವಾರ ನಾ ನಕ್ಕಿದ್ದೆ. ನೀವು ನೋಡ್ಲಿಲ್ಲ ಅಂತ ನಾಲ್ಕು ದಿನ ಬಾಯಿಗೆ ಬಂದಂಗ ಬೈದೇನಿ. ಅದನ್ನೆಲ್ಲಾ ಹೊಳ್ಳಿ ತಗೋಬೇಕಂದ್ರ ಲಗ್ನಾನ ಆಗಬೇಕು."

ಪಟ್ಟಿಯ ಕೆಳಗೆ ಅವನ ತುಟಿ ನಡುಗಿತು. ಅಳಬೇಡಿ ಎಂದು ಗದರಿದವಳ ಕಣ್ಣಲ್ಲೇ ನೀರು.

ಅವಳು ಕೆಲಸಕ್ಕೆ ಮರಳಿದಳು. ಹದಿನಾಲ್ಕನೆಯ ದಿನ ಸಾಹೇಬರ ನೋಟೀಸು ಹಿಡಿದುಕೊಂಡೇ ಸೊಲ್ಲಾಪುರಕ್ಕೆ ಬಂದಳು. ಅವನು ಎದ್ದು ಕೂತಿದ್ದ, ಪಟ್ಟಿ ಬಿಚ್ಚಿದ್ದರು. ಕಾಗದವನ್ನು ಅವನ ಎಡಗಡೆಯ ಸ್ಟೂಲಿನ ಮೇಲಿಟ್ಟಳು.

ಜೀಪು ಯಾಕೆ ಒಯ್ದೆ ಎಂದು ಕೇಳಿದ್ದರು. ನಾಲ್ಕು ದಿನ ಕಣ್ಣು ಯಾಕೆ ಕಾಯಬೇಕಾಯಿತು ಎಂದು ಯಾರೂ ಯಾರನ್ನೂ ಕೇಳಿರಲಿಲ್ಲ.

"ಉತ್ತರಾ ಏನ ಬರೀತಿ?"

"ಒಯ್ದೇನಿ, ಮತ್ತೂ ಒಯ್ತೇನಿ ಅಂತ. ಆ ನಾಲ್ಕು ದಿನದ ಲೆಕ್ಕಾನೂ ಕೇಳ್ತೇನಿ."

"ನೌಕರಿ ಹೋದ್ರ?"

"ನಿಮ್ಮ ಅಂಗಡ್ಯಾಗ ಗುಂಡಿ ಹಚ್ಚತೇನಿ."

"ನೀ ಹಚ್ಚಿದ್ದು ನಾ ಬಿಚ್ಚಿ ಹಚ್ಚಬೇಕಾಗತೈತಿ."

"ಅದಕ್ಕ ಕಣ್ಣ ಉಳಿಸೇನಿ."

ಕಿಟಕಿಯಿಂದ ಗಾಳಿ ಬೀಸಿ, ನೋಟೀಸು ಸ್ಟೂಲಿನಿಂದ ಜಾರಿತು. ಶಹಾಬುದ್ದೀನ ಅವಳ ಮುಖದಿಂದ ದೃಷ್ಟಿ ತೆಗೆಯದೆಯೇ ಎಡಗೈ ಚಾಚಿ, ಅದು ನೆಲ ಮುಟ್ಟುವ ಮೊದಲೇ ಹಿಡಿದ.