ದನಿ ನುಂಗುವ ಮಖಮಲ್ಲಿನ ಪರದೆ

ಬಹಳ ಹಿಂದೆ, ರಾಜರ ಮಾತನ್ನು ಜನ ಇನ್ನೂ ನಂಬುತ್ತಿದ್ದ ಕಾಲದಲ್ಲಿ, ಹೇಮಗಂಧಿ ಎಂಬ ರಾಜ್ಯವಿತ್ತು. ಅಲ್ಲಿಯ ರಾಜ ಮೃದುಸೇನನಿಗೆ ಒಂದೇ ಕಷ್ಟ. ಕಷ್ಟ ಹೇಳಿಕೊಳ್ಳಲು ಬರುವ ಪ್ರಜೆಗಳ ಗೋಳಿನಿಂದ ಅವನ ಮಧ್ಯಾಹ್ನದ ನಿದ್ದೆ ಕೆಡುತ್ತಿತ್ತು. ಪ್ರಜೆಗಳಿಗೂ ನೂರೆಂಟು ಕಷ್ಟಗಳಿದ್ದವು, ಆದರೆ ಅವನ್ನು ಕೇಳುವವರು ಯಾರು ಬಿಡಿ.

"ಈ ಗೋಳು ನನ್ನ ಕಿವಿಗೆ ಬೀಳಬಾರದು" ಎಂದು ರಾಜ ಡಂಗುರ ಸಾರಿಸಿದ. ತೂಲಕೇತು ಎಂಬ ಮಾಂತ್ರಿಕ ಬಂದು ಕಡುಗೆಂಪು ಮಖಮಲ್ಲಿನ ಪರದೆ ನೇಯ್ದು ಓಲಗದ ಬಾಗಿಲಿಗೆ ಕಟ್ಟಿದ. ಅದರ ಮುಂದೆ ನಿಂತು ಬಾಯಿ ತೆರೆದವರ ದನಿ ನೂಲಿನ ಕುಣಿಕೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಒಂದು ಕುಣಿಕೆಗೆ ಒಂದು ದನಿ. ಬಂದವರು ಮೂಗರಾಗಿ ಮನೆಗೆ ಹೋಗುತ್ತಿದ್ದರು. ರಾಜ ಗೊರಕೆ ಹೊಡೆದ, ಮಾಂತ್ರಿಕ ಮಂತ್ರಿಯಾದ.

ಊರ ಹೊರಗೆ ಕೆಂಚವೀರ ಎಂಬ ತರುಣ ಹುಲ್ಲು ಕೊಯ್ದು ಮಾರುತ್ತಿದ್ದ. ಅವನ ಪುಟ್ಟ ತಂಗಿಗೆ ಜ್ವರ ಏರಿತು. ತಾಯಿ ಸಣ್ಣವ್ವ ರಾಜವೈದ್ಯರನ್ನು ಬೇಡಲು ಅರಮನೆಗೆ ಓಡಿದಳು, ಮೂಗಿಯಾಗಿ ಬಂದಳು. ಮಗು ಉಳಿಯಲಿಲ್ಲ. ಮಗಳ ಹೆಣವನ್ನು ತೊಡೆಯ ಮೇಲಿಟ್ಟುಕೊಂಡು ಸಣ್ಣವ್ವ ಬಾಯಿ ತೆರೆದಳು, ಅಳು ಹೊರಗೆ ಬರಲಿಲ್ಲ. ಹೆತ್ತವಳಿಗೆ ಅಳಲೂ ದನಿಯಿಲ್ಲದ ರಾಜ್ಯಕ್ಕೆ ಬೆಂಕಿ ಬೀಳಲಿ! ಅವ್ವನ ದನಿ ತಂದೇ ತರುತ್ತೇನೆಂದು ಕೆಂಚವೀರ ಸೊಂಟಕ್ಕೆ ಕುಡುಗೋಲು ಸಿಕ್ಕಿಸಿ ಹೊರಟ.

ಅರಮನೆಯ ಮೊದಲ ಅಂಗಳದಲ್ಲಿ ಮಖಮಲ್ಲು ಹೊದಿಸಿದ ಆಸನವಿತ್ತು. ಕುಳಿತವರಿಗೆ ಬಂದ ಕೆಲಸವೇ ಮರೆತುಹೋಗುತ್ತಿತ್ತು.

"ಮುಟ್ಟಿ ನೋಡಪ್ಪ, ಎಷ್ಟು ಮೆತ್ತಗಿದೆ!" ಎಂದ ಮಾಂತ್ರಿಕ.

"ಮೆತ್ತಗಿದ್ರೆ ಇರ್ಲಿ ಸ್ವಾಮಿ, ನಮ್ಮವ್ವನ ದನಿ ಎಲ್ಲಿ?" ಎಂದ ಕೆಂಚವೀರ. ಪಂಚೆಯ ಕೆಸರು ಆಸನಕ್ಕೆ ಮೆತ್ತೀತೆಂದು ಅಂಜಿ ಕೂರದೆ ಮುಂದೆ ನಡೆದ. ಬಡವನ ಸಂಕೋಚ ಒಮ್ಮೊಮ್ಮೆ ಹೀಗೂ ಕಾಪಾಡುತ್ತದೆ.

ಎರಡನೆಯ ಅಂಗಳದಲ್ಲಿ ಮಖಮಲ್ಲಿನ ನಿಲುವಂಗಿಯಿತ್ತು. ಅದನ್ನು ತೊಟ್ಟವರ ಬಾಯಲ್ಲಿ "ಹೌದು ಪ್ರಭು" ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಆಸ್ಥಾನದವರೆಲ್ಲ ತೊಟ್ಟದ್ದು ಅದನ್ನೇ.

"ಮುಟ್ಟಿ ನೋಡಪ್ಪ, ಎಷ್ಟು ಮೆತ್ತಗಿದೆ!" ಎನ್ನುತ್ತ ಮಾಂತ್ರಿಕ ಅದನ್ನು ಅವನ ಹೆಗಲಿಗೆ ಹಾಕಲು ಬಂದ.

"ಮೆತ್ತಗಿದ್ರೆ ಇರ್ಲಿ ಸ್ವಾಮಿ, ನಮ್ಮವ್ವನ ದನಿ ಎಲ್ಲಿ?" ಕೆಂಚವೀರ ಅದನ್ನು ತಳ್ಳಿದ. ಅವನ ಒರಟು ಅಂಗೈಗೆ ಸಿಕ್ಕಿ ನಿಲುವಂಗಿ ಹರಿದುಹೋಯಿತು.

ಮೂರನೆಯ ಅಂಗಳದಲ್ಲಿ ಪರದೆ. ಈ ಸಲ ಮಾಂತ್ರಿಕ "ಮುಟ್ಟಬೇಡ!" ಎಂದು ಕಿರುಚಿದ. ಕೆಂಚವೀರ ತುಟಿ ಪಿಟಕ್ಕೆನ್ನಲಿಲ್ಲ. ಗಿಡ್ಡ ಹುಲ್ಲು ಕೊಯ್ಯುವ ಹಾಗೆ ಪರದೆಯ ಮೈಮೇಲೆ ಕುಡುಗೋಲು ಆಡಿಸಿದ. ಕುಣಿಕೆಗಳೆಲ್ಲ ತುಂಡಾಗಿ ಒಳಗಿದ್ದ ದನಿಗಳು ಒಮ್ಮೆಲೇ ಹೊರಗೆ ನುಗ್ಗಿದವು. ಮಾಂತ್ರಿಕ ಕೆಂಪು ಧೂಳಾಗಿ ನೆಲಕ್ಕೆ ಉದುರಿದ.

ನಿದ್ದೆಗೆಟ್ಟ ರಾಜ ಓಡಿಬಂದ. "ಅಯ್ಯೋ, ನನಗೆ ಗೊತ್ತೇ ಇರಲಿಲ್ಲ!" ಎಂದ. ಗೊತ್ತಿರಲಿಲ್ಲವಂತೆ!

ಅಷ್ಟರಲ್ಲಿ ಸಣ್ಣವ್ವನ ದನಿ ಅವನ ಕಿವಿಯ ಹತ್ತಿರವೇ ಕೂಗಿತು: "ಮಗೀಗೆ ಜ್ವರ ಬುದ್ಧೀ, ವೈದ್ಯರನ್ನ ಕಳ್ಸಿ ನನ್ನಪ್ಪಾ!"

"ಕೇಳಿಸಿತು ತಾಯಿ, ಕೇಳಿಸಿತು!" ರಾಜ ಕಣ್ಣೊರೆಸಿಕೊಂಡ. "ಯಾರಲ್ಲಿ? ರಾಜವೈದ್ಯರಿಗೆ ಪಲ್ಲಕ್ಕಿ ಕಟ್ಟಿ!"

"ಯಾರಿಗೆ ಮದ್ದು ಕೊಡ್ತೀರಿ ಬುದ್ಧಿ?" ಎಂದ ಕೆಂಚವೀರ. "ನನ್ ತಂಗಿ ಮಣ್ಣಾಗೋದ್ಲು."

ರಾಜಾಜ್ಞೆ ಹಿಂದಕ್ಕೆ ಹೋಗುವುದುಂಟೇ? ಪಲ್ಲಕ್ಕಿ ಹೋಯಿತು. ಮದ್ದಿನ ಪೆಟ್ಟಿಗೆ ಹಿಡಿದು ವೈದ್ಯರು ಗುಡಿಸಲಿನ ಮುಂದೆ ಇಳಿದು, "ಮಗು ಎಲ್ಲಮ್ಮ?" ಎಂದು ಕೇಳಿದರು. ಆಗ ಸಣ್ಣವ್ವ ದನಿ ತೆಗೆದು ಅತ್ತಳು. ಅವಳ ಅಳು ಕೇಳಿ ಪಕ್ಕದ ಗುಡಿಸಲಿನವರು ಅತ್ತರು, ಆಮೇಲೆ ಊರಿಗೆ ಊರೇ ಅತ್ತಿತು. ತಡೆದಿಟ್ಟ ಅಳು ಬೇಗ ನಿಲ್ಲುವುದಿಲ್ಲ.

ರಾಜ ಒಂದು ಮಧ್ಯಾಹ್ನ ಸಹಿಸಿದ. ಮರುದಿನ ಪೇಟೆಯ ಬಟ್ಟೆ ವ್ಯಾಪಾರಿಯನ್ನು ಕರೆಸಿದ. ಮಂತ್ರವಿಲ್ಲದ, ಮಾಯೆಯಿಲ್ಲದ ಮಾಮೂಲು ಮಖಮಲ್ಲನ್ನು ಎರಡು ಪದರ ಹೊಲಿಸಿ ಕಿಟಕಿ ಬಾಗಿಲಿಗೆಲ್ಲ ಇಳಿಬಿಡಿಸಿದ. ಅಷ್ಟೇ ಸಾಕಾಯಿತು.

ಪರದೆಯ ಒಳಗಿದ್ದವರೆಲ್ಲ ಬಹುಕಾಲ ಸುಖವಾಗಿ ಬಾಳಿದರು.