ಅವ್ವಣ್ಣನ ಲಾಗಿನ್

ಇದು ೨೦೦೧ರಲ್ಲಿ ಪುಣೆ ಬಳಿಯ ಚಿಂಚವಾಡದ ಕಾರ್ಖಾನೆಯೊಂದರಲ್ಲಿ ನನಗೇ ಆದದ್ದು. ಅಲ್ಲಿನ ಕಂಪ್ಯೂಟರ್ ಅಕ್ಷರಗಳನ್ನು ತನ್ನದೇ ಸಂಕೇತದಲ್ಲಿ ಇಡುತ್ತಿತ್ತು. ಪಾಳಿಯ ಪಟ್ಟಿ ಅಚ್ಚು ಮಾಡುವ ಸ್ಕ್ರಿಪ್ಟ್ ಓಡಿಸುವವನ ಲಾಗಿನ್‌ನಲ್ಲಿ ಸರಿಯಾದ ಸಂಕೇತ ಸಂಖ್ಯೆ ಇರದಿದ್ದರೆ ಹೆಸರುಗಳೆಲ್ಲ ಕಸವಾಗಿ ಅಚ್ಚಾಗುತ್ತಿದ್ದವು. ಆ ಸಂಖ್ಯೆ ಇದ್ದದ್ದು ಆಪರೇಟರ್ ಅವ್ವಣ್ಣನ ಲಾಗಿನ್‌ನಲ್ಲಿ ಮಾತ್ರ, ಬೇರೆಲ್ಲೂ ಬರೆದಿಟ್ಟಿರಲಿಲ್ಲ; ಇದು ನನಗೆ ಆಮೇಲೆ ತಿಳಿದದ್ದು. ಆತ ಸತ್ತು ವರ್ಷವಾದರೂ ಎಲ್ಲರೂ ಅವನ ಹೆಸರಿನಲ್ಲೇ ಕೆಲಸ ಮಾಡುತ್ತಿದ್ದರು. ಕೆಲಸದ ಮೇಲೆ ಮಾಡಿದವನ ಹೆಸರಿರಬೇಕು ಎಂಬುದು ಕಂಪ್ಯೂಟರ್ ವಿಭಾಗಕ್ಕೆ ಮೇಲ್ವಿಚಾರಕನಾಗಿ ಬಂದಿದ್ದ ನನ್ನ ಹಟ. ರೇಗಿ ಅವನ ಲಾಗಿನ್ನನ್ನೇ ಅಳಿಸಿಬಿಟ್ಟೆ.

ಮರುದಿನ ಮಧ್ಯಾಹ್ನ ಎರಡನೇ ಪಾಳಿಯ ಪಟ್ಟಿ ಕಸವಾಗಿ ಬಂತು. ಪಟ್ಟಿಯಲ್ಲಿ ಹೆಸರಿಲ್ಲದ ಕೂಲಿಯವರನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ. ಅಂದಿನ ಕೂಲಿ ಹೋದಂತೆ. ಇನ್ನೂರು ಜನ ಬಿಸಿಲಿನಲ್ಲಿ ನಿಂತಿದ್ದರು.

“ಸತ್ತಾಂವ ನಿಮಗೇನು ಅಡ್ಡ ಬಂದಿದ್ದನ್ರಿ, ಸಾಹೇಬ್ರ?” ಎಂದಳು ಜೊತೆಯ ಆಪರೇಟರ್ ಮಾಧುರಿ.

“ಸುಮ್ಮನ ಬಾರವಾ, ಕೈಪಿಡಿ ಹುಡುಕೂಣು” ಎಂದೆ.

ಕಂಪ್ಯೂಟರ್ ಕೋಣೆಗೆ ಬೀಗ ಹಾಕಿ ಇಬ್ಬರೂ ಮೇಲಿನ ಆಫೀಸಿಗೆ ಹೋದೆವು. ಮರಳಿದಾಗ ಪ್ರಿಂಟರ್ ಓಡುತ್ತಿತ್ತು. ಪ್ರತಿ ಹೆಸರೂ ಸ್ಪಷ್ಟವಾಗಿತ್ತು. ಏಸಿಯ ಚಳಿಯಲ್ಲೂ ನನ್ನ ಕುರ್ಚಿ ಬೆಚ್ಚಗಿತ್ತು. ಗೇಟಿಗೆ ಪಟ್ಟಿ ಕೊಟ್ಟೆ, ಜನ ಒಳಗೆ ಹೋದರು.

ಸಂಜೆ ನೋಡಿದೆ. ಅವ್ವಣ್ಣನ ಲಾಗಿನ್ ಎಲ್ಲೂ ಇರಲಿಲ್ಲ. ಆ ಸಂಖ್ಯೆ ಈಗ ನನ್ನ ಲಾಗಿನ್‌ನಲ್ಲಿ ಕುಳಿತಿತ್ತು. ಸೇರಿಸಿದ ಸಮಯ ಒಂದು ನಲವತ್ತು. ಆಗ ನಾವಿಬ್ಬರೂ ಮೇಲಿನ ಆಫೀಸಿನಲ್ಲಿದ್ದೆವು, ಆ ಕೋಣೆಯ ಒಂದೇ ಒಂದು ಕೀಲಿಕೈ ನನ್ನ ಜೇಬಿನಲ್ಲಿತ್ತು.