ಭಾವ ಹಿಡಿದ ಹಗ್ಗ

ಗುಡ್ಡದ ನೆತ್ತಿಯ ಗಾಳಿಯಂತ್ರ ಕಂಬಸಮೇತ ಉರುಳಿ, ಬಂಡೆಯ ಅಂಚಿನಿಂದ ಕೆಳಗೆ ನೇತಾಡುತ್ತಿತ್ತು. ಸಂಜೆಯೊಳಗೆ ಅದನ್ನು ಎತ್ತಿ ನಿಲ್ಲಿಸದಿದ್ದರೆ ಹಟ್ಟಿಗೆ ಕುಡಿಯುವ ನೀರಿಲ್ಲ.

ಪುರವರ ಊರಿನಾಚೆಯ ಆ ಹಟ್ಟಿಯವರು ತಮ್ಮ ಕರೆಂಟನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಬಿಸಿಲಿದ್ದಾಗ ಶಾಲೆಯ ಮೇಲಿನ ಸೋಲಾರ್, ಮೋಡ ಕವಿದಾಗ ಗುಡ್ಡದ ಗಾಳಿಯಂತ್ರ; ಎರಡೂ ಸೇರಿ ಬ್ಯಾಟರಿ ತುಂಬಿಸುತ್ತಿದ್ದವು, ಬ್ಯಾಟರಿಯಿಂದ ನೀರಿನ ಪಂಪು ಓಡುತ್ತಿತ್ತು. ಈಗ ಆಷಾಢ. ಸೂರ್ಯ ಮುಖ ತೋರಿಸಿ ವಾರವಾಗಿತ್ತು. ಸಾಲದ್ದಕ್ಕೆ ಗಾಳಿಯ ಹೊಡೆತಕ್ಕೆ ಕಂಬ ಕಟ್ಟಿದ್ದ ತಂತಿಗಳೇ ಕಿತ್ತುಹೋಗಿದ್ದವು. ರಿಪೇರಿಗೆಂದು ಶಿರಾದಿಂದ ಟೆಕ್ನೀಷಿಯನ್ ಬುಷ್ರಾ ಬಂದಿಳಿದಳು.

"ಬಂಡೆ ಯಾರು ಇಳೀತೀರಿ?" ಎಂದು ಕೇಳಿದಳು.

"ನಾನು ಇಳೀತೀನಿ ಮೇಡಂ," ಎಂದು ತಿಮ್ಮರಾಜು ಆಗಲೇ ಪಂಚೆ ಎತ್ತಿಕಟ್ಟಿದ.

"ನೀನು ಇಳುದ್ರೆ ನಿನ್ ಹಗ್ಗ ಯಾರ್ಲಾ ಹಿಡೀತಾರೆ? ಸುಮ್ಕಿರು. ಅಳಿಯಂದ್ರು ಇಳೀತಾರೆ," ಎಂದಳು ಅವನ ತಾಯಿ ಲಕ್ಕಮ್ಮ.

ಹಿಂದೆ ಹೆಜ್ಜೇನು ಕೀಳುತ್ತಿದ್ದ ಮನೆತನ ಅದು. ಬಂಡೆ ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ಒಡಹುಟ್ಟಿದವನೇ ಹಿಡಿಯಬೇಕು. ಬೇರೆ ಯಾರು ಕೈಬಿಟ್ಟರೂ ಅವನು ಬಿಡುವುದಿಲ್ಲ. ಬಿಟ್ಟರೆ ತಾಳಿ ಕಳೆದುಕೊಳ್ಳುವವಳು ಅವನ ಅಕ್ಕನೋ ತಂಗಿಯೋ ತಾನೇ? ತಿಮ್ಮರಾಜುವಿಗೆ ಮದುವೆಯೇ ಆಗಿರಲಿಲ್ಲ. ಹಗ್ಗ ಹಿಡಿಯಲು ಬಾಮೈದ ಎಲ್ಲಿಂದ ಬರಬೇಕು!

ಹಾಲೇಶನಿಗೋ ತಿಮ್ಮರಾಜುವೇ ಇದ್ದ. ಅವನ ತಂಗಿಯನ್ನು ಮದುವೆಯಾಗಿ ತೋವಿನಕೆರೆಯಿಂದ ಬಂದು ಇಲ್ಲೇ ನೆಲೆಸಿದವನು ಹಾಲೇಶ. ಅಂದಿನಿಂದ ಲಕ್ಕಮ್ಮನ ಬಾಯಲ್ಲಿ ಅಳಿಯ, ಅಳಿಯ, ಅಳಿಯ. ಬಿಸಿ ಮುದ್ದೆ ಮೊದಲು ಅಳಿಯನ ತಟ್ಟೆಗೆ. ಒಮ್ಮೆಯಾದರೂ ಅವ್ವ ಹಟ್ಟಿಯೆದುರು "ನನ್ ಮಗ ಮಾಡ್ದ" ಅನ್ನಬೇಕು, ಇಷ್ಟೇ ತಿಮ್ಮರಾಜುವಿನ ಆಸೆ. ಇವತ್ತು ಅದಕ್ಕೂ ಕಲ್ಲು ಬಿತ್ತು. ಹೊಟ್ಟೆ ಉರಿಯದೆ ಇರುತ್ತದೆಯೇ?

ಮೂವರೂ ಗುಡ್ಡ ಹತ್ತಿದರು. ಮೊದಲು ಜಾಲಿ ಮುಳ್ಳು, ಆಮೇಲೆ ಎದೆಮಟ್ಟದ ಬಾದೆಹುಲ್ಲು, ಅದರಾಚೆ ಬರೀ ಕಲ್ಲು. ದುಂಡು ಬಂಡೆಗಳ ಸಂದಿಯಲ್ಲಿ ಕರಡಿ ಕೆದಕಿದ ಹಸಿ ಮಣ್ಣು ಕಂಡು ಸದ್ದು ಮಾಡದೆ ಬಳಸಿಕೊಂಡು ಹೋದರು. ಮೇಲೆ ನಿಂತರೆ ಮಧುಗಿರಿಯ ಏಕಶಿಲಾ ಬೆಟ್ಟ ಮೋಡದೊಳಗೆ ಅರ್ಧ ಮುಳುಗಿತ್ತು. ಪಾವಗಡದ ಕಡೆಯಿಂದ ನುಗ್ಗುವ ಗಾಳಿ ಮಾತನ್ನು ಬಾಯಿಂದಲೇ ಕಿತ್ತುಕೊಳ್ಳುತ್ತಿತ್ತು.

ಇದ್ದ ಒಂದೇ ಹೆಲ್ಮೆಟ್ಟು, ದಪ್ಪ ರೈನ್‌ಕೋಟು ಎರಡನ್ನೂ ಬುಷ್ರಾ ಹಾಲೇಶನಿಗೆ ಕೊಟ್ಟಳು. ಅದೂ ಅವನಿಗೇ! ತಿಮ್ಮರಾಜು ಬನಿಯನ್ನಿನಲ್ಲಿ ನಿಂತು, ಹಗ್ಗವನ್ನು ಪಕ್ಕದ ಗುಂಡುಕಲ್ಲಿಗೆ ಒಂದು ಸುತ್ತು ಹಾಕಿ, ತುದಿಯನ್ನು ಕೈಗೆ ಬಿಗಿದುಕೊಂಡ.

ಹಾಲೇಶ ಇಳಿದ. ನೇತಾಡುತ್ತಿದ್ದ ಕಂಬಕ್ಕೆ ರಾಟೆಯ ಹಗ್ಗ ಬಿಗಿದ.

"ಶಾಬಾಷ್ ಹಾಲೇಶಣ್ಣ! ನಿಮ್ಮಂಥವರು ನಮ್ಮ ಶಿರಾದಲ್ಲೂ ಇಲ್ಲ!" ಎಂದು ಬುಷ್ರಾ ಅಂಚಿನಿಂದ ಬಗ್ಗಿ ಕೂಗಿದಳು.

ತಿಮ್ಮರಾಜುವಿನ ಕಿವಿಗೆ ಕಾದ ಎಣ್ಣೆ ಹುಯ್ದಂತಾಯಿತು. ಒಂದು ಸಲ ಹೆದರಲಿ ಮಗ ಎಂದುಕೊಂಡ. ಒಂದು ಮಾರು ಹಗ್ಗ ಸಡಿಲ ಬಿಟ್ಟ.

ಹಾಲೇಶ ದಡಕ್ಕನೆ ಜಾರಿದ. ಅವನ ಕಾಲು ಯಂತ್ರದ ರೆಕ್ಕೆಗೆ ಬಡಿಯಿತು. ರೆಕ್ಕೆ ಬಂಡೆಯ ಅಡಿಗೆ ತಾಗಿತು.

ಅಲ್ಲಿ ಹೆಜ್ಜೇನಿನ ಗೂಡಿತ್ತು.

"ಜೇನು! ಮೇಡಂ, ಜೇನು ಎದ್ವು!" ಎಂದು ಹಾಲೇಶ ಕೆಳಗಿನಿಂದ ಕೂಗಿದ.

ಕಪ್ಪು ಮೋಡದಂತೆ ಹುಳುಗಳು ಮೇಲಕ್ಕೆ ಬಂದವು. ಹಾಲೇಶನಿಗೆ ಹೆಲ್ಮೆಟ್ಟಿತ್ತು, ರೈನ್‌ಕೋಟಿತ್ತು. ತಿಮ್ಮರಾಜುವಿಗೆ ಏನಿತ್ತು? ಕುತ್ತಿಗೆಗೆ ಕುಟುಕಿದವು. ರೆಪ್ಪೆಗೆ ಕುಟುಕಿದವು.

ಓಡಬೇಕು. ಓಡಿದರೆ ಹಾಲೇಶ ಕೆಳಗೆ.

ಥೂ, ನನ್ನ ಬುದ್ಧಿಗಿಷ್ಟು ಎಂದು ತನ್ನನ್ನೇ ಬೈದುಕೊಳ್ಳುತ್ತಾ ತಿಮ್ಮರಾಜು ಎಳೆದ. ಕಣ್ಣು ಮುಚ್ಚಿ ಎಳೆದ.

"ಯಾ ಅಲ್ಲಾ!" ಎನ್ನುತ್ತಾ ಬುಷ್ರಾ ತನ್ನ ದುಪಟ್ಟಾವನ್ನೇ ಅವನ ತಲೆಗೆ ಸುತ್ತಿದಳು. ಯಂತ್ರ ಒರೆಸಲು ತಂದಿದ್ದ ಎಣ್ಣೆ ಬಟ್ಟೆಗೆ ಬೆಂಕಿ ಹಚ್ಚಿ ಮೇಲೆ ಹಸಿ ಸೊಪ್ಪು ಒಟ್ಟಿದಳು. ಅವಳಿಗೂ ಕುಟುಕಿದವು. ಹೊಗೆ ದಟ್ಟವಾಗಿ ಎದ್ದಿತು.

ಅಂಚಿನಲ್ಲಿ ಹಾಲೇಶನ ಕೈ ಕಂಡಿತು. ಆಮೇಲೆ ಹೆಲ್ಮೆಟ್ಟು. ಮೂವರೂ ಹೊಗೆಯೊಳಗೆ ಬೋರಲು ಬಿದ್ದುಕೊಂಡರು.

ಹುಳುಗಳು ಅಡಗಿದ ಮೇಲೆ ರಾಟೆ ಎಳೆದು ಕಂಬ ಮೇಲೆತ್ತಿದರು, ಹೊಸ ತಂತಿಗಳನ್ನು ಬಿಗಿದರು. ಬುಷ್ರಾ ಬ್ರೇಕು ತೆಗೆದದ್ದೇ ತಡ, ರೆಕ್ಕೆಗಳು ಗಿರ್ರನೆ ತಿರುಗಿದವು. ಇಳಿದು ಬರುವಷ್ಟರಲ್ಲಿ ಹಟ್ಟಿಯ ನಲ್ಲಿಯಲ್ಲಿ ನೀರು ಬರುತ್ತಿತ್ತು, ಬಿಂದಿಗೆಗಳ ಜಗಳ ಶುರುವಾಗಿತ್ತು.

"ನನ್ ಅಳಿಯ ಕಣ್ರವ್ವಾ! ಜೇನಿನ್ ಬಾಯಿಂದ ಫ್ಯಾನು ಕಿತ್ಕಂಡು ಬಂದವ್ರೆ!" ಎಂದು ಲಕ್ಕಮ್ಮ ಬಾಗಿಲಲ್ಲೇ ನಿಂತು ಸಾರಿದಳು. ಮಗನ ಮುಖಕ್ಕೆ ಸುಣ್ಣ ಹಚ್ಚಿದಳು, ನಿಜ. ಹಚ್ಚುತ್ತಲೇ, "ಇದ್ಯಾಕ್ಲಾ ನೀನಿಂಗೆ ಕಚ್ಚುಸ್ಕಂಡೆ? ಅವ್ರನ್ ನೋಡಿ ಕಲಿ," ಎಂದಳು. ಆ ಮಾತು ಜೇನಿಗಿಂತ ಜಾಸ್ತಿ ಉರಿಯಿತು.

ಭಾವ ಮೈದುನರು ಊಟಕ್ಕೆ ಕೂತರು. ಮೊದಲ ಮುದ್ದೆ ಹಾಲೇಶನಿಗೇ. ಲಕ್ಕಮ್ಮ ಬುಷ್ರಾಳಿಗೆ ಬಡಿಸಲು ಪಡಸಾಲೆಗೆ ಹೋದಳು.

"ಹಾಲೇಶ," ಎಂದ ತಿಮ್ಮರಾಜು, ಊದಿದ ತುಟಿಯಲ್ಲಿ. "ಹಗ್ಗ ತಾನಾಗೇ ಜಾರ್ಲಿಲ್ಲ. ಹೊಟ್ಟೆಕಿಚ್ಚಿಗೆ ನಾನೇ ಬುಟ್ಟೆ."

ಹಾಲೇಶನ ಕೈ ತಟ್ಟೆಯಲ್ಲೇ ನಿಂತಿತು.

"ಗೊತ್ತಾಯ್ತು ಭಾವ. ಅಲ್ಲೇ ನೇತಾಡ್ತಾ ಬಾಯಿಗೆ ಬಂದಂಗೆ ನಿನ್ನ ಬೈದೆ." ಎಂದ ಹಾಲೇಶ. "ಆದ್ರೆ ಒಂದ್ ನಿಜ ಹೇಳ್ತೀನಿ. ನಿನ್ ಜಾಗ್ದಾಗೆ ನಾನಿದ್ದಿದ್ರೆ, ಜೇನು ಎದ್ದೇಟ್ಗೆ ಹಗ್ಗ ಬುಟ್ಟು ಓಡ್ಬುಡ್ತಿದ್ದೆ."

ತಿಮ್ಮರಾಜುವಿನ ಊದಿದ ಕಣ್ಣು ಕೂಡ ಅರಳಿತು. ಪಡಸಾಲೆಯ ಕಡೆ ನೋಡಿದ.

"ಇದುನ್ನ ವಸಿ ಜೋರಾಗಿ ಹೇಳು ಮಾರಾಯ. ಅವ್ವಂಗೆ ಕೇಳುಸ್ಲಿ."

"ಹೇಳ್ತೀನಿ ಬುಡು. ನೀನು ಬೇಕಂತ ಹಗ್ಗ ಬುಟ್ಟಿದ್ದುನ್ನೂ ಸೇರ್ಸಿ ಹೇಳ್ಬೇಕಾ?"

ತಿಮ್ಮರಾಜು ಒಂದು ಗಳಿಗೆ ಯೋಚಿಸಿದ. ಮುದ್ದೆ ಮುರಿದು ಸಾರಿಗೆ ಅದ್ದಿದ.

"ಬ್ಯಾಡ ಕಣ್ಲಾ, ಉಣ್ಣು," ಎಂದ.